ಒಂದು ಸಾಲಿನಲ್ಲಿ ಮುಗಿಯದ ಥ್ಯಾಂಕ್ಸ್

ಪೋಸ್ಟರನ್ನು ಸುತ್ತಿ ಮೂಲೆಗಿಟ್ಟು ನಾಲ್ಕು ದಿನ ಆಯಿತು. ಸಮ್ಮೇಳನ ಮುಗಿಯಿತು, ನನ್ನ ಸಂಶೋಧನಾ ಪೇಪರ್ ಹೊರಗೆ ಬಂತು. ನಿಮ್ಮ ಮೆಸೇಜುಗಳಿಗೆಲ್ಲ ಬರೀ ಹೆಬ್ಬೆರಳು ತೋರಿಸಿ ಸುಮ್ಮನಾಗಿದ್ದೆ. ಪೇಪರಿನಲ್ಲಿ ಏನಿದೆ ಅಂತ ಮತ್ತೆ ಕೊರೆಯುವುದಿಲ್ಲ. ಎರಡು ವರ್ಷದಿಂದ ನಿಮ್ಮ ತಲೆ ತಿಂದಿದ್ದೇನೆ. ಕನ್ನಡ ಕಲಿಯುವವರು ಬರೆದ ವಾಕ್ಯಗಳು, ಅವುಗಳ ತಪ್ಪು, ಆ ತಪ್ಪು ಕಂಡುಹಿಡಿಯಲು ಕಂಪ್ಯೂಟರಿಗೆ ಕಲಿಸುವ ಒದ್ದಾಟ. ಅಷ್ಟು ಸಾಕು.

ಮೊದಲು ಒಂದೇ ಉಸಿರಿನಲ್ಲಿ ಎಲ್ಲರಿಗೂ: ನನ್ನ ಗೈಡ್, ವಾಕ್ಯಗಳಿಗೆ ಸರಿ-ತಪ್ಪಿನ ಗುರುತು ಹಾಕಿದ ಇಬ್ಬರು ವಿದ್ಯಾರ್ಥಿಗಳು, ನಾಚಿಕೊಳ್ಳದೆ ತಮ್ಮ ನೋಟ್‌ಬುಕ್ ಕೊಟ್ಟ ಕಲಿಯುವವರು, ಪಿಡಿಎಫ್‌ನಲ್ಲಿ 'ಗೊತ್ತು' ಪದದ ಒತ್ತು ಪಕ್ಕಕ್ಕೆ ಬಿದ್ದು ನಾನು ತಲೆ ಮೇಲೆ ಕೈ ಹೊತ್ತಾಗ "ಝೀಲೇಟೆಕ್ ಹಾಕು" (ಕನ್ನಡ ಅಕ್ಷರ ಸರಿಯಾಗಿ ಕೂರಿಸುವ ಸಾಫ್ಟ್‌ವೇರ್) ಅಂತ ಎರಡೇ ಪದದಲ್ಲಿ ಕಾಪಾಡಿದ ಗೆಳೆಯ, ಪೇಪರ್ ಓದಿ ತೀರ್ಪು ಕೊಟ್ಟ ಮೂವರು ವಿಮರ್ಶಕರು. ಎಲ್ಲರಿಗೂ ಥ್ಯಾಂಕ್ಸ್. "ಇದು ಬರೀ ಕನ್ನಡಕ್ಕೆ ಸಂಬಂಧಪಟ್ಟದ್ದಲ್ಲವೇ" ಅಂತ ಕೇಳಿದ ವಿಮರ್ಶಕರಿಗೆ ಸ್ವಲ್ಪ ಕಮ್ಮಿ. ಬರೀ ಇಂಗ್ಲಿಷ್ ಮೇಲೆ ಕೆಲಸ ಮಾಡಿದವರಿಗೆ ಈ ಪ್ರಶ್ನೆ ಬರುವುದೇ ಇಲ್ಲ. ಯಾವ ಭಾಷೆಯ ಮೇಲೆ ಕೆಲಸ ಮಾಡಿದ್ದೀರೋ ಅದರ ಹೆಸರು ಹೇಳಿ, ಇಂಗ್ಲಿಷ್ ಆದರೂ ಹೇಳಿ ಅಂತ ಭಾಷಾವಿಜ್ಞಾನಿ ಎಮಿಲಿ ಬೆಂಡರ್ ವರ್ಷಗಟ್ಟಲೆಯಿಂದ ಹೇಳುತ್ತಿರುವುದು ಸುಮ್ನೆ ಅಲ್ಲ.

ಈಗ ಅಕ್ಕ.

ಹೆಸರು ಇಲ್ಲಿ ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಪೇಪರಿನ ಕೊನೆಯಲ್ಲಿ ಒಂದು ಸಾಲಿನಲ್ಲಿದೆ. ಕನ್ನಡ ಬಾರದ ದೊಡ್ಡವರಿಗೆ 20 ವರ್ಷದಿಂದ ಕನ್ನಡ ಹೇಳಿಕೊಡುತ್ತಿದ್ದಾರೆ. ಪೇಪರ್ ಅಂದರೆ ಅವರ ಪಾಲಿಗೆ ತಿದ್ದಬೇಕಾದ ಉತ್ತರಪತ್ರಿಕೆ. ನನ್ನ ಪೇಪರಿಗೂ ಅವರಿಗೂ ಆ ರಾತ್ರಿಯವರೆಗೆ ಏನೂ ಸಂಬಂಧ ಇರಲಿಲ್ಲ.

ನಮ್ಮ ಸಮ್ಮೇಳನಗಳಿಗೆ ಪೇಪರ್ ಕಳಿಸುವ ಗಡುವಿನ ಲೆಕ್ಕವೇ ಬೇರೆ. ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಆ ತಾರೀಕು ಇನ್ನೂ ಉಳಿದಿದ್ದರೆ ಗಡುವೂ ಉಳಿದಿದೆ ಅಂತ ಅರ್ಥ. ನಮ್ಮ ಗಡಿಯಾರಕ್ಕೆ ಅದು ಮಾರನೇ ದಿನ ಸಂಜೆ 5 ಗಂಟೆ 29 ನಿಮಿಷ. ಇದನ್ನು ವರ ಅಂದುಕೊಂಡಿದ್ದೆ. ಹಿಂದಿನ ರಾತ್ರಿ 11ಕ್ಕೆ ತಪ್ಪು ಸಿಕ್ಕರೆ ಇನ್ನೂ 18 ಗಂಟೆ ಒದ್ದಾಡಲು ಬಿಡುವ ವರ ಅದು.

ತಪ್ಪು ನನ್ನದೇ. ಗುರುತು ಹಾಕುವ ಇಬ್ಬರೂ ಒಬ್ಬರದನ್ನೊಬ್ಬರು ನೋಡಬಾರದು. ಆಮೇಲೆ ಇಬ್ಬರ ತೀರ್ಮಾನ ಎಷ್ಟು ಹೊಂದಿದೆ ಅಂತ ನೋಡಿ, ಅದರಲ್ಲಿ ಸುಮ್ನೆ ಆಕಸ್ಮಿಕವಾಗಿ ಹೊಂದುವ ಪಾಲನ್ನು ಕಳೆದು ಒಂದು ಸಂಖ್ಯೆ ತೆಗೆಯುತ್ತಾರೆ. ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಈ ಅಳತೆಯ ಹೆಸರು ಕಪ್ಪಾ. ಪೂರ್ತಿ ಹೊಂದಿದರೆ 1. ನಮ್ಮದು 0.8 ದಾಟಿತ್ತು. ಬೀಗುತ್ತಿದ್ದೆ. ಆ ರಾತ್ರಿ ಏನೋ ಹುಡುಕಲು ಹಳೇ ಶೀಟ್ ತೆರೆದರೆ, ಎರಡನೆಯವನಿಗೆ ಕಳಿಸಿದ ಪ್ರತಿಯಲ್ಲಿ ಮೊದಲನೆಯವಳ ಕಾಲಂ ಹಾಗೇ ಕೂತಿದೆ. ಅಳಿಸಲು ಮರೆತಿದ್ದೆ. ಪಾಪ ಆ ಹುಡುಗ, ಅದನ್ನು ಉತ್ತರ ಅಂದುಕೊಂಡು ಅನುಮಾನ ಬಂದಲ್ಲೆಲ್ಲ ಅದನ್ನೇ ನೋಡಿ ಬರೆದಿದ್ದ. 0.8 ಅಂದರೆ ನಕಲಿನ ಅಂಕ.

ಗೈಡ್ ವಿಮಾನದಲ್ಲಿದ್ದರು. ಅಕ್ಕನಿಗೆ ಯಾಕೆ ಫೋನ್ ಮಾಡಿದೆನೋ, ಅಳುವುದಕ್ಕೇ ಇರಬೇಕು. ಪೂರ್ತಿ ಅಳಲೂ ಬಿಡಲಿಲ್ಲ.

"ಎಷ್ಟು ವಾಕ್ಯ?"

"400."

"ಆ ಕಾಲಂ ತೆಗೆದು ನಂಗೆ ಕಳಿಸು."

ಗುರುತು ಹಾಕುವ ನಿಯಮ ವಿವರಿಸಲು ಹೊರಟೆ. ತಡೆದರು. "ಬರೆದಿಟ್ಟಿದ್ದೀಯಲ್ಲ, ಓದ್ಕೋತೀನಿ. ನೀನು ಬಾಯಿ ಬಿಟ್ರೆ ಮತ್ತೆ ಅದೇ ಕತೆ ಅಲ್ವಾ? ಫೋನ್ ಮಾತ್ರ ಇಡಬೇಡ."

ಹಾಗೆ ಕೂತಿದ್ದೆವು. ನಾನು ಮಾತಾಡುವಂತಿಲ್ಲ, ಅವರು ಮಾತಾಡುತ್ತಿಲ್ಲ. ಆ ಕಡೆಯಿಂದ ಕೀಲಿ ಒತ್ತುವ ಸದ್ದು, ಆಗೊಮ್ಮೆ ಈಗೊಮ್ಮೆ ನಿಟ್ಟುಸಿರು, ಯಾವುದೋ ವಾಕ್ಯಕ್ಕೆ ಸಣ್ಣ ನಗು. ಬೆಳಿಗ್ಗೆ ಎಂಟಕ್ಕೆ ಅವರಿಗೆ ಕ್ಲಾಸ್ ಇತ್ತು ಅಂತ ನನಗೆ ಆಮೇಲೆ ಗೊತ್ತಾದದ್ದು.

ಮೂರು ಗಂಟೆ ಹೊತ್ತಿಗೆ ಅರ್ಧ ಮುಗಿದಿತ್ತು. ತಡೆಯಲಾರದೆ ಅಷ್ಟಕ್ಕೇ ಲೆಕ್ಕ ಹಾಕಿದೆ. 0.6ಕ್ಕಿಂತ ಕೆಳಗೆ. ಜಗಳ ಎಲ್ಲಿದೆ ಅಂತ ನೋಡಿದರೆ ಜಾಸ್ತಿ ಪಾಲು ಒಂದೇ ಬಗೆಯ ವಾಕ್ಯದಲ್ಲಿ: "ನಾನು ಗೊತ್ತು." 'ನನಗೆ ಗೊತ್ತು' ಅನ್ನಲು ಹೋಗಿ ಬರೆದದ್ದು ಅಂತ ವಿದ್ಯಾರ್ಥಿನಿ ತಪ್ಪು ಹಾಕಿದ್ದಳು. ಅಕ್ಕ ಅದಕ್ಕೆ ಸರಿ ಹಾಕಿದ್ದರು. 'ಅವರಿಗೆ ನಾನು ಗೊತ್ತು' ಅಂತ ನಾವೇ ದಿನಾ ಹೇಳುತ್ತೇವೆ. 'ಅವರಿಗೆ' ಬಿಟ್ಟರೆ ಉಳಿಯುವುದು ಇದೇ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. "ಅಕ್ಕಾ, ಈ ವಾಕ್ಯಗಳನ್ನ ತೆಗೆದುಬಿಡೋಣ, ಸಂಖ್ಯೆ ಮೇಲೆ ಹೋಗುತ್ತೆ, ಯಾರಿಗೂ ತಿಳಿಯಲ್ಲ" ಅಂದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ. ಎರಡು ವರ್ಷ ಭಾಷೆ, ದತ್ತಾಂಶ, ಪ್ರಾಮಾಣಿಕತೆ ಅಂತ ಜೂನಿಯರ್‌ಗಳಿಗೆ ಭಾಷಣ ಬಿಗಿದವರು ಯಾರು? ನಾನೇ.

ಅಕ್ಕ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಕ್ಲಾಸಿನ ವಿಷಯ ತೆಗೆದರು. ಯಾರಾದರೂ "ನಾನು ಗೊತ್ತು" ಅಂದರೆ ಅವರು ತಪ್ಪು ಅನ್ನುವುದಿಲ್ಲವಂತೆ. "ಯಾರಿಗೆ?" ಅಂತ ಕೇಳುತ್ತಾರಂತೆ. ಕೆಲವರು ನಾಲಿಗೆ ಕಚ್ಚಿಕೊಂಡು "ಅಯ್ಯೋ, ನನಗೆ!" ಅನ್ನುತ್ತಾರೆ. ಕೆಲವರು ಮಿಕಿಮಿಕಿ ನೋಡುತ್ತಾರೆ. "ಮೊದಲನೆಯವರಿಗೆ ಬರುತ್ತೆ, ಬಾಯಿ ತಪ್ಪಿದ್ದು ಅಷ್ಟೇ. ಎರಡನೆಯವರ ತಲೇಲಿ ಇನ್ನೂ ಆ 'ಗೆ' ಕೂತಿಲ್ಲ. ಅವರಿಗೆ ಮತ್ತೆ ಹೇಳಿಕೊಡಬೇಕು. ನೀನು ಒಂಟಿ ವಾಕ್ಯ ಕೊಟ್ಟು ತಪ್ಪಾ ಸರಿನಾ ಅಂದ್ರೆ ನಾನಾದ್ರೂ ಏನು ಹೇಳಲಿ? ಹಿಂದಿನ ವಾಕ್ಯ ಎಲ್ಲಿ?"

ಬಾಯ್ತಪ್ಪು ಬೇರೆ, ಕಲಿಯುವವರು ಒಳಗೇ ಕಟ್ಟಿಕೊಂಡ ನಿಯಮದಿಂದ ಬರುವ ತಪ್ಪು ಬೇರೆ ಅಂತ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದಿದ್ದರು. ಆ ಲೇಖನದ ಹೆಸರು ನನ್ನ ಪೇಪರಿನ ಮೊದಲ ಪುಟದಲ್ಲೇ ಇತ್ತು. ಹೆಸರು ಮಾತ್ರ ಇತ್ತು.

ಅಕ್ಕ ಉಳಿದರ್ಧ ಮುಗಿಸಿದರು. ಏಳು ಗಂಟೆಗೆ "ಸ್ನಾನ ಮಾಡ್ಕೋತೀನಿ" ಅಂತ ಫೋನ್ ಇಟ್ಟರು. ನಾನು ನಾಲ್ಕು ಪುಟದಲ್ಲಿ ಒಂದು ಪುಟ ಕಿತ್ತುಹಾಕಿ ಮತ್ತೆ ಬರೆದೆ. ಕೆಳಗಿಳಿದ ಸಂಖ್ಯೆ ಪೇಪರಿನಲ್ಲಿ ಹಾಗೇ ಹೋಯಿತು. ಅದು ಯಾಕೆ ಇಳಿಯಿತು ಅನ್ನುವುದೂ ಹೋಯಿತು. ಮೂವರು ವಿಮರ್ಶಕರೂ ಮೆಚ್ಚಿದ್ದು ಆ ಪುಟವನ್ನೇ.

ಹಾಗಾದರೆ ಅಕ್ಕನ ಹೆಸರು ಲೇಖಕರ ಸಾಲಿನಲ್ಲಿ ಯಾಕಿಲ್ಲ ಅಂತ ಮೂರು ಜನ ಕೇಳಿದ್ದೀರಿ. ಸರಿಯಾಗೇ ಕೇಳಿದ್ದೀರಿ. ಪೇಪರ್ ಸಲ್ಲಿಸುವ ವೆಬ್‌ಸೈಟಿನಲ್ಲಿ ಪ್ರತಿ ಲೇಖಕರಿಗೂ ಪ್ರೊಫೈಲ್ ಬೇಕು. ಕಾಲೇಜಿನ ಇಮೇಲ್ ಇಲ್ಲದವರ ಪ್ರೊಫೈಲಿಗೆ ಒಪ್ಪಿಗೆ ಸಿಗಲು ಎರಡು ವಾರವೂ ಹಿಡಿಯಬಹುದು. ನನ್ನ ಹತ್ತಿರ ಉಳಿದಿದ್ದು ಒಂದು ಮಧ್ಯಾಹ್ನ ಮಾತ್ರ. ಗಡುವು ದಾಟಿದ ಮೇಲೆ ಲೇಖಕರ ಪಟ್ಟಿಗೆ ಯಾರನ್ನೂ ಸೇರಿಸುವ ಹಾಗಿಲ್ಲ. ವಿಮರ್ಶಕರಿಗೆ ಬರೆದವರ ಸುಳಿವು ಸಿಗಬಾರದು ಅಂತ ಮೊದಲ ಪ್ರತಿಯಲ್ಲಿ ಕೃತಜ್ಞತೆಯನ್ನೂ ಬರೆಯುವಂತಿಲ್ಲ. ಕೊನೆಯ ಪ್ರತಿಯಲ್ಲಿ ಒಂದು ಸಾಲು ಸೇರಿಸಿದೆ. ಆ ಸಾಲು ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ, ನನ್ನ ಮೇಲೆ. ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಪೋಸ್ಟರ್ ಮುಂದೆ ಎರಡು ಗಂಟೆ ನಿಂತಿದ್ದೆ. ಜಾಸ್ತಿ ಜನ ಬರಲಿಲ್ಲ. ಬಂದವರಲ್ಲಿ ಒಬ್ಬರು ಐಸ್‌ಲ್ಯಾಂಡಿಕ್ ಮೇಲೆ ಕೆಲಸ ಮಾಡುವವರು. "ನಾನು ಗೊತ್ತು" ಕೇಳಿ ಖುಷಿಯಾದರು. ಅವರಲ್ಲಿ ಉಲ್ಟಾ. ಕೆಲವು ಕ್ರಿಯಾಪದಗಳ ಜೊತೆ ದ್ವಿತೀಯಾ ವಿಭಕ್ತಿ ಬರಬೇಕಾದ ಕಡೆ ಜನ ಚತುರ್ಥಿ (ನಮ್ಮ 'ಗೆ') ಹಾಕಿಬಿಡುತ್ತಾರೆ, ಅದೂ ಹುಟ್ಟಿನಿಂದ ಆ ಭಾಷೆ ಆಡುವವರೇ. ಅದಕ್ಕೆ 'ಚತುರ್ಥಿ ಕಾಯಿಲೆ' ಅಂತಲೇ ಅಲ್ಲಿ ಹೆಸರಿದೆ. ಹೊರಗೆ ಬಂದವನೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ನಮ್ಮ ಕ್ಲಾಸಿನವರದ್ದು ಪ್ರಥಮಾ ಕಾಯಿಲೆ" ಅಂದರು. ಆಮೇಲೆ, "ಅವರಿಗೂ ಯಾರಿಗೆ ಅಂತ ಕೇಳ್ಬೇಕಿತ್ತು ನೀನು."

ಅಕ್ಕಾ, ಮುಂದಿನ 400 ವಾಕ್ಯ ನಾಳೆ ಕಳಿಸುತ್ತೇನೆ. ಈ ಸಲ ಹಿಂದಿನ ವಾಕ್ಯವೂ ಇದೆ, ಮುಂದಿನದೂ ಇದೆ. ಬೇರೆಯವರ ಕಾಲಂ ಇಲ್ಲ, ಎರಡು ಸಲ ನೋಡಿದ್ದೇನೆ. ನೀವು ಆ ಪ್ರೊಫೈಲ್ ಮಾತ್ರ ಈ ವಾರವೇ ಮಾಡಿಡಿ.