ಬೀರುವಿನಲ್ಲಿ ಸಿಕ್ಕ ಫೋಟೋಗಳ ಬಗ್ಗೆ ಗೆಳೆಯನಿಗೊಂದು ಪತ್ರ

ಮೈಸೂರು

ಗೆಳೆಯಾ,

ನಿಮ್ಮ ಮಂಡ್ಯದ ಗ್ರಂಥಾಲಯದ ಬೀರುವಿನಲ್ಲಿ ಹಳೇ ಫೋಟೋಗಳ ಪೆಟ್ಟಿಗೆ ಸಿಕ್ಕಿತು ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ಎಲ್ಲ ಚಿತ್ರಗಳ ವಿವರ ಸಿಗುವವರೆಗೆ ಅಂತರ್ಜಾಲಕ್ಕೆ ಹಾಕುವುದು ಬೇಡ ಅಂದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ ಕಣೋ. ವಿವರ ಗೊತ್ತಿರುವವರು ಊರಲ್ಲಿದ್ದಾರೆ, ಅವರಿಗೆಲ್ಲ ವಯಸ್ಸಾಗಿದೆ. ಚಿತ್ರ ಅವರ ಕಣ್ಣಿಗೆ ಬೀಳದೆ ವಿವರ ಎಲ್ಲಿಂದ ಬರಬೇಕು?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರಲ್ಲಿ, ಜನ ಫೋಟೋ ಹಂಚಿಕೊಳ್ಳುವ ಜಾಲತಾಣವಾದ ಫ್ಲಿಕರ್ ಕಾಮನ್ಸ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹಳೇ ಚಿತ್ರಗಳನ್ನು ಹಾಕಿತು. ಎಷ್ಟೋ ಚಿತ್ರಗಳ ವಿವರ ಅರೆಬರೆಯಾಗಿತ್ತು. ನೋಡಿದ ಜನ ಇದು ಇಂಥ ಜಾಗ, ಇವರು ಇಂಥವರು ಅಂತ ಬರೆದರು. ಹಳೇ ಪತ್ರಿಕೆಗಳಿಂದ ಆಧಾರವನ್ನೂ ಹುಡುಕಿ ಕೊಟ್ಟರು. ಲೈಬ್ರರಿಯವರು ಪರಿಶೀಲಿಸಿ ತಮ್ಮ ದಾಖಲೆಯನ್ನೇ ತಿದ್ದಿಕೊಂಡರು.

ನೀನು ಹೇಳಿದ್ದರಲ್ಲಿ ನನಗೆ ಜಾಸ್ತಿ ಕಾಡುತ್ತಿರುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟಿನ, ಕೆಲಸದ ಚಿತ್ರಗಳು. 1911ರಲ್ಲಿ ಶುರುವಾದ ಕೆಲಸ ಸುಮಾರು ಇಪ್ಪತ್ತು ವರ್ಷ ನಡೆಯಿತು. ಆ ಕಾಲದ ಇಂಥ ಚಿತ್ರಗಳ ಕೆಳಗೆ ದಿವಾನರ ಹೆಸರು, ದೊಡ್ಡ ಎಂಜಿನಿಯರುಗಳ ಹೆಸರು ಇರುತ್ತದೆ. ಬಾಣಲೆ ಹೊತ್ತ ಹೆಂಗಸರ ಹೆಸರು, ಕಲ್ಲು ಎತ್ತಿದ ಗಂಡಸರ ಹೆಸರು ಎಲ್ಲಿರುತ್ತದೆ ಹೇಳು? ಕಟ್ಟೆಯನ್ನು ಸುಣ್ಣ, ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದರು ಅಂತ ನಮ್ಮ ಕಡೆಯ ಮಕ್ಕಳೂ ಹೇಳುತ್ತಾರೆ. ಆ ಗಾರೆ ಹೊತ್ತವರ ಮೊಮ್ಮಕ್ಕಳು ಸುತ್ತಮುತ್ತಲ ಹಳ್ಳಿಗಳಲ್ಲೇ ಇರಬಹುದು. ‘ಇವಳು ನಮ್ಮಜ್ಜಿ’ ಅಂತ ಒಬ್ಬರು ಗುರುತಿಸಿದರೂ ಸಾಕು, ನಿನ್ನ ಶ್ರಮ ಸಾರ್ಥಕ.

ಕಟ್ಟೆಯ ನೀರಲ್ಲಿ ಮುಳುಗಿದ ಹಳೇ ಕನ್ನಂಬಾಡಿ ಊರಿನ ಚಿತ್ರ ಏನಾದರೂ ಇದೆಯಾ ನೋಡು. ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಹೊಸ ಕನ್ನಂಬಾಡಿಗೆ ತಂದು ಮತ್ತೆ ಕಟ್ಟಿದರು. ಗುಡಿಯ ಸುತ್ತಲಿದ್ದ ಬೀದಿ, ಜಗಲಿ, ಬಾವಿಕಟ್ಟೆಗಳನ್ನು ಯಾರೂ ತರಲಿಲ್ಲ. ಅವನ್ನು ಇನ್ನು ಚಿತ್ರದಲ್ಲೇ ನೋಡಬೇಕು.

ಇಸವಿ ಬರೆದಿಲ್ಲ ಅಂತ ಚಿಂತೆ ಮಾಡಬೇಡ. ಮೈಸೂರಿನ ಚಿತ್ರದಲ್ಲಿ ಮರದ ಅರಮನೆ ಕಂಡರೆ ಅದು 1897ರ ಬೆಂಕಿಗಿಂತ ಮುಂಚಿನದು. ಈಗಿನ ಅರಮನೆ ಪೂರ್ತಿಯಾಗಿ ಕಂಡರೆ 1912ರ ಈಚಿನದು. ಮಂಡ್ಯದ ಸಕ್ಕರೆ ಕಾರ್ಖಾನೆ ಇದ್ದರೆ 1930ರ ದಶಕಕ್ಕಿಂತ ಹಿಂದೆ ಹೋಗುವಂತಿಲ್ಲ. ಹೊರದೇಶದ ಸಂಗ್ರಹಗಳಲ್ಲೂ ನಮ್ಮ ಸೀಮೆಯ ಚಿತ್ರಗಳಿವೆ. ಅಲ್ಲಿ ಮಂಡ್ಯ ಅಂತ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ, ಜಿಲ್ಲೆಯಾಗಿದ್ದೇ 1939ರಲ್ಲಿ ಅಲ್ವಾ? ಮೈಸೋರ್ ಅಂತ, ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಂ ಅಂತ ಇಂಗ್ಲಿಷರ ಕಾಲದ ಹೆಸರು ಹಾಕು. ಪಾಂಡವಪುರ ಬೇಕಾದರೆ ಫ್ರೆಂಚ್ ರಾಕ್ಸ್ ಅಂತ ಹುಡುಕು.

ಸ್ಕ್ಯಾನ್ ಮಾಡುವಾಗ ಚಿತ್ರದ ಹಿಂಭಾಗವನ್ನೂ ತಪ್ಪದೆ ಮಾಡಿಸು. ಸ್ಟುಡಿಯೋ ಮುದ್ರೆ, ಪೆನ್ಸಿಲ್‌ನಲ್ಲಿ ಗೀಚಿದ ಹೆಸರು ಅಲ್ಲೇ ಇರುತ್ತವೆ. ಮುಖದ ಮೇಲೆ ಹಾದುಹೋಗುವ ಹಾಗೆ ಗ್ರಂಥಾಲಯದ ಹೆಸರು ಅಚ್ಚು ಹಾಕಬೇಡಿ, ದಯವಿಟ್ಟು. ಗುರುತು ಹಿಡಿಯಬೇಕಾದವರಿಗೆ ಆ ಮುಖವೇ ಬೇಕು. ಯಾರಾದರೂ ಹೆಸರು ಹೇಳಿದರೆ, ಹೇಳಿದವರು ಯಾರು, ಯಾವಾಗ ಅಂತ ಜೊತೆಗೇ ಬರೆದಿಡು. ಇನ್ನೊಂದು ಆಧಾರ ಸಿಗುವವರೆಗೆ ‘ಹೀಗೆ ಹೇಳಿದ್ದಾರೆ’ ಅಂತಲೇ ಇರಲಿ. ಪ್ರತಿಗಳನ್ನು ಒಂದೇ ಕಡೆ ಇಡಬೇಡ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾದಾಗ ಅವರ ಆನ್‌ಲೈನ್ ಸಂಗ್ರಹದ ಬಹುಪಾಲು ತಿಂಗಳುಗಟ್ಟಲೆ ಯಾರಿಗೂ ಸಿಗಲಿಲ್ಲ. ಅಷ್ಟು ದೊಡ್ಡವರಿಗೇ ಹಾಗಾದರೆ ನಾವು ಇನ್ನೂ ಹುಷಾರಾಗಿರಬೇಕು.

ಮೊಬೈಲ್ ನೋಡದ ಹಿರಿಯರನ್ನೂ ಮರೆಯಬೇಡ. ನಿಮ್ಮಲ್ಲಿಗೆ ಬೆಳಿಗ್ಗೆ ಪೇಪರ್ ಓದಲು ಬರುತ್ತಾರಲ್ಲ, ಅವರಿಗಾಗಿ ಒಂದಷ್ಟು ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ಇಡು. ಪಕ್ಕದಲ್ಲಿ ಒಂದು ನೋಟ್‌ಬುಕ್, ಪೆನ್ನು. ಬರೆಯಲು ಆಗದವರು ಹೇಳಿದ್ದನ್ನು ನೀನೇ ಬರೆದುಕೋ.

ಮುಂದಿನ ಭಾನುವಾರ ಸ್ಕ್ಯಾನರ್ ಹಿಡಿದು ಬರುತ್ತೇನೆ. ಕಟ್ಟೆ ಕೆಲಸದವರ ಚಿತ್ರಗಳಿಂದಲೇ ಶುರುಮಾಡೋಣ. ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೋ ಅವರಿಗೆ ಮೊದಲೇ ಹೇಳಿಡು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಗೆಳೆಯ