ಸೀತಾಳೆ ದಂಡೆಗೆ ಕನ್ನಡ ಫಲಕವಿರಲಿ

ಮಾನ್ಯರೇ,

ಬೆಂಗಳೂರಿನ ಸಸ್ಯೋದ್ಯಾನವೊಂದರಲ್ಲಿ ಕಳೆದ ಭಾನುವಾರ ಆರ್ಕಿಡ್‌ಗಳ ಪ್ರದರ್ಶನ ನೋಡಿದೆ. ಮೂರು ದಳಗಳಲ್ಲಿ ಒಂದು ಮಾತ್ರ ತುಟಿಯಂತೆ ಮಾರ್ಪಟ್ಟು, ಬರುವ ಕೀಟಕ್ಕೆ ಕೂರಲು ಜಗಲಿಯಾಗಿರುವುದನ್ನು ಹೂವಿನಿಂದ ಹೂವಿಗೆ ಗುರುತಿಸುತ್ತಾ ಹೋದದ್ದು ಬಹಳ ಸಂತೋಷ ಕೊಟ್ಟಿತು. ಆದರೆ ನೇರಳೆ ಚುಕ್ಕೆಗಳ ಬಿಳಿ ಹೂಗೊಂಚಲನ್ನು ಜಡೆಯಂತೆ ಇಳಿಬಿಟ್ಟಿದ್ದ ಗಿಡದ ಫಲಕದಲ್ಲಿ ‘ರಿಂಕೋಸ್ಟೈಲಿಸ್ ರೆಟ್ಯೂಸಾ’ ಎಂದಷ್ಟೇ ಇತ್ತು; ನಮ್ಮ ಮಲೆನಾಡಿನ ಸೀತಾಳೆ ದಂಡೆ ಅದೇ. ಪಕ್ಕದಲ್ಲಿದ್ದವರು ಅದನ್ನು ಬದನಿಕೆಯೆಂದೇ ತಿಳಿದರು. ಬದನಿಕೆ ಮರದ ರಸ ಹೀರುತ್ತದೆ. ಸೀತಾಳೆಯಾದರೋ ಮರವನ್ನು ಆಸರೆಯಾಗಿ ಮಾತ್ರ ಹಿಡಿದು, ತೂಗುವ ಬೇರುಗಳಿಂದ ಮಳೆ, ಮಂಜಿನ ತೇವವನ್ನು ಹೀರಿ ಬದುಕುತ್ತದೆ. ಇಷ್ಟನ್ನಾದರೂ ಎರಡು ಸಾಲಿನ ಕನ್ನಡ ಫಲಕದಲ್ಲಿ ಬರೆಸಬೇಕೆಂದು ಸಂಘಟಕರಲ್ಲಿ ಕೋರುತ್ತೇನೆ.

– ಸಸ್ಯಪ್ರಿಯೆ, ಬೆಂಗಳೂರು