ಮಳೆಗಾಲಕ್ಕೆ ಮೊದಲು ಎಂಜಿನ್ ಒಮ್ಮೆ ಬಿಚ್ಚಿ ನೋಡು

ಸೂರ್, ಒಮಾನ್
ಮೇ 14

ಪ್ರೀತಿಯ ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಅಪ್ಪಯ್ಯನಿಗೂ ಅಮ್ಮನಿಗೂ ನನ್ನ ನಮಸ್ಕಾರ ಹೇಳು. ಇಲ್ಲಿ ಸೆಕೆ ಜೋರಾಗಿದೆ. ಮಧ್ಯಾಹ್ನ ಹೊರಗೆ ಬಿಟ್ಟ ಸ್ಪಾನರನ್ನು ಬರಿಗೈಲಿ ಮುಟ್ಟಲು ಆಗುವುದಿಲ್ಲ, ಬಟ್ಟೆ ಸುತ್ತಿ ಹಿಡಿಯಬೇಕು. ಬೆಳಿಗ್ಗೆ ಐದಕ್ಕೇ ಕೆಲಸ ಶುರು ಮಾಡುತ್ತೇವೆ.

ನಮ್ಮ ದೋಣಿಯ ಎಂಜಿನ್ ನಿಂತುಹೋಗುತ್ತದೆ ಅಂತ ನೀನು ಕಳಿಸಿದ ವಿಡಿಯೊ ನಾಲ್ಕೈದು ಸಲ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎಂಜಿನ್ ಪಕ್ಕ ಕೂತು ಓದು.

ಪೆಟ್ರೋಲಿನಲ್ಲಿ ಸರಿಯಾಗಿ ಸ್ಟಾರ್ಟ್ ಆಗುತ್ತದೆ, ಸೀಮೆಎಣ್ಣೆಗೆ ತಿರುಗಿಸಿ ಹತ್ತು ನಿಮಿಷ ಓಡಿದ ಮೇಲೆ ಉಸಿರು ಕಟ್ಟಿದ ಹಾಗೆ ಆಗಿ ನಿಲ್ಲುತ್ತದೆ, ಎಣ್ಣೆ ಪೈಪಿನ ನಡುವಿನ ರಬ್ಬರ್ ಬಲ್ಬ್ ಅದುಮಿದರೆ ಮತ್ತೆ ಏಳುತ್ತದೆ ಅಂದೆಯಲ್ಲ. ಹಾಗಿದ್ದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್, ಸಿಡಿಐ ಅಂತ ದುಡ್ಡು ಸುರಿಯಬೇಡ. ಕರೆಂಟ್ ತಪ್ಪುವ ಎಂಜಿನ್ ಬಲ್ಬ್ ಅದುಮಿದರೆ ಏಳುವುದಿಲ್ಲ. ಇದಕ್ಕೆ ಎಣ್ಣೆ ಸಾಕಾಗುತ್ತಿಲ್ಲ, ಅಷ್ಟೇ.

ಇನ್ನೊಮ್ಮೆ ನಿಲ್ಲುವ ಲಕ್ಷಣ ಕಂಡಾಗ ಬಲ್ಬ್ ಅದುಮುವ ಮೊದಲು ಸುಮ್ನೆ ಮುಟ್ಟಿ ನೋಡು. ಅದು ಒಳಗೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆ ಎಲ್ಲೋ ಕಟ್ಟಿಕೊಂಡಿದೆ. ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡು. ತೆರೆದಿದ್ದರೂ ಉಪ್ಪು ಕೂತು ಆ ಸಣ್ಣ ತೂತು ಮುಚ್ಚಿರಬಹುದು. ಆಮೇಲೆ ಟ್ಯಾಂಕಿನೊಳಗಿನ ಪೈಪಿನ ತುದಿಯಲ್ಲಿರುವ ಜಾಲರಿ ತೊಳೆ. ಬಲ್ಬ್ ಚಪ್ಪಟೆಯಾಗದೆ ಬರೀ ಮೆತ್ತಗಾಗಿದ್ದರೆ ಬೇರೆ ಲೆಕ್ಕ. ಆಗ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ, ಇಲ್ಲವಾದರೆ ಫ್ಯುಯೆಲ್ ಪಂಪಿನೊಳಗಿನ ತೆಳು ಪೊರೆ, ಡಯಾಫ್ರಂ, ಹರಿದಿದೆ.

ಹೋದ ತಿಂಗಳು ಒಬ್ಬ ಅಜ್ಜ ಇದೇ ತೊಂದರೆ ಹೇಳಿಕೊಂಡು ನಮ್ಮ ವರ್ಕ್‌ಶಾಪಿಗೆ ಬಂದ. ಬೇರೆ ಕಡೆ ಪ್ಲಗ್ ಬದಲಾಯಿಸಿದ್ದರು, ಕಾಯಿಲ್ ಹಾಕಿದ್ದರು, ಕಾರ್ಬೊರೇಟರ್ ಎರಡು ಸಲ ಬಿಚ್ಚಿದ್ದರು. ನಾನು ಬಲ್ಬಿಗೂ ಎಂಜಿನಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಸಿಕ್ಕಿಸಿ ಓಡಿಸಿದೆ. ಗೋಲಿ ಸೋಡಾದಲ್ಲಿ ಏಳುವ ಹಾಗೆ ಸಣ್ಣ ಸಣ್ಣ ಗುಳ್ಳೆ ಬರುತ್ತಿತ್ತು. ಪೈಪ್ ಸಿಕ್ಕಿಸುವ ಕನೆಕ್ಟರಿನ ಒಳಗೆ ರಬ್ಬರ್ ಉಂಗುರ ಇರುತ್ತದಲ್ಲ, ಅದು ಒಂದು ಕಡೆ ಸೀಳಿತ್ತು. ಕಣ್ಣಿಗೆ ಕಾಣಲಿಲ್ಲ, ಉಗುರಿಗೆ ಸಿಕ್ಕಿತು. ಉಂಗುರ ಬದಲಾಯಿಸಿದ ಮೇಲೆ ಎಂಜಿನ್ ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಆ ಅಜ್ಜ ಒಂದು ಅಂಜಲ್ ಮೀನು ತಂದುಕೊಟ್ಟು ಹೋದ. ನೀನೂ ಮೊದಲು ಆ ಉಂಗುರ ಬದಲಾಯಿಸು.

ಆದರೆ ತಮ್ಮಾ, ನನಗೆ ನಿದ್ದೆ ಕೆಡಿಸಿದ್ದು ಇದಲ್ಲ. ವಿಡಿಯೊದಲ್ಲಿ ಎಂಜಿನನ್ನು ತಣ್ಣಗೆ ಮಾಡಿ ಹಿಂದೆ ಬೀಳುವ ನೀರನ್ನು ನೀನು ಗಮನಿಸಿದೆಯಾ? ಪೆನ್ಸಿಲ್ ದಪ್ಪಕ್ಕೆ ಬಿಗಿಯಾಗಿ ಚಿಮ್ಮಬೇಕು. ನಿನ್ನದು ನೂಲಿನ ಹಾಗೆ ಬಂದು ನಡುವೆ ತುಂಡಾಗುತ್ತಿದೆ. ಎಣ್ಣೆ ಸಾಲದಿದ್ದರೆ ಎಂಜಿನ್ ನಿಲ್ಲುತ್ತದೆ, ಮತ್ತೆ ಎಬ್ಬಿಸಬಹುದು. ನೀರು ಸಾಲದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅದು ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲೇ ಹಿಡಿದುಕೊಂಡರೆ ಏನು ಗತಿ? ಮೀನುಗಾರಿಕೆ ನಿಷೇಧ ಇರುವುದರಿಂದ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೆಲ್ಲ ದಡದಲ್ಲಿ ಇರುತ್ತವೆ. ಆ 61 ದಿನ ಕಡಲಿಗೆ ಇಳಿಯುವವರು ನಿಮ್ಮಂಥ ನಾಡದೋಣಿಯವರು ಮಾತ್ರ. ಎಳೆದು ತರಲು ಹತ್ತಿರದಲ್ಲಿ ಇನ್ನೊಂದು ಬೋಟು ಇರುವುದಿಲ್ಲ.

ಮೊದಲು ಎಂಜಿನ್ ಆಫ್ ಮಾಡಿ ನೀರು ಬೀಳುವ ತೂತಿಗೆ ದಪ್ಪ ತಂಗೂಸಿ (ಗಾಳದ ನೈಲಾನ್ ದಾರ) ತೂರಿಸಿ ನೋಡು. ಉಪ್ಪು, ಮರಳು ಕೂತಿದ್ದರೆ ಅಷ್ಟಕ್ಕೇ ಬಿಡುತ್ತದೆ. ಬಿಡಲಿಲ್ಲ ಅಂದರೆ ಕೆಳಗಿನ ಗೇರ್ ಬಾಕ್ಸ್ ಇಳಿಸಲೇಬೇಕು. ಗೇರ್ ರಾಡಿನ ಜೋಡಣೆ ಬಿಡಿಸಿ ಬೋಲ್ಟ್ ತೆಗೆದರೆ ಅದು ಇಡಿಯಾಗಿ ಕೈಗೆ ಬರುತ್ತದೆ. ಬೋಲ್ಟ್ ಕಚ್ಚಿಕೊಂಡಿದ್ದರೆ ಜೋರು ಮಾಡಬೇಡ. ಅಲ್ಯೂಮಿನಿಯಂ ಒಳಗೆ ಬೋಲ್ಟ್ ಮುರಿದರೆ ದೊಡ್ಡ ಕೆಲಸ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡು.

ಗೇರ್ ಬಾಕ್ಸಿನ ಮೇಲಿನ ಸಣ್ಣ ಡಬ್ಬಿ ಬಿಚ್ಚಿದರೆ ಒಳಗೆ ನೀರನ್ನು ಮೇಲಕ್ಕೆ ತಳ್ಳುವ ರಬ್ಬರಿನ ಇಂಪೆಲ್ಲರ್ ಇರುತ್ತದೆ. ಅದರ ರೆಕ್ಕೆಗಳು ಬಿಟ್ಟ ಕೂಡಲೇ ನೆಟ್ಟಗೆ ನಿಲ್ಲಬೇಕು. ಬಾಗಿದವು ಬಾಗಿದ ಹಾಗೇ ಇದ್ದರೆ, ಬುಡದಲ್ಲಿ ಬಿರುಕು ಇದ್ದರೆ, ಎಸೆದುಬಿಡು. ತುಂಡಾಗಿದ್ದರೆ ಆ ಚೂರು ಎಲ್ಲಿ ಹೋಯಿತು ಅಂತ ಹುಡುಕು. ಅದು ಮೇಲಿನ ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಹೊಸ ಇಂಪೆಲ್ಲರ್ ಹಾಕಿಯೂ ಪ್ರಯೋಜನ ಇಲ್ಲ. ಹೊಸದನ್ನು ಕೂರಿಸುವಾಗ ಶಾಫ್ಟಿನ ಸಣ್ಣ ಕೀ ಬೀಳದಂತೆ ನೋಡಿಕೊ. ಸ್ವಲ್ಪ ಗ್ರೀಸ್ ಹಚ್ಚಿ, ಶಾಫ್ಟನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸುತ್ತಾ ಡಬ್ಬಿ ಒತ್ತು. ರೆಕ್ಕೆಗಳು ತಾವಾಗಿಯೇ ಸರಿಯಾದ ಕಡೆಗೆ ಬಾಗುತ್ತವೆ.

ಕೆಳಭಾಗ ಇಳಿಸಿದ ಮೇಲೆ ಗೇರ್ ಆಯಿಲನ್ನೂ ನೋಡಿಬಿಡು. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ ಎಂದೇ ಅರ್ಥ. ಪ್ರೊಪೆಲ್ಲರ್ ತೆಗೆದು ಹಿಂದೆ ನೋಡು, ತಂಗೂಸಿ ಸುತ್ತಿಕೊಂಡು ನೀರು ತಡೆಯುವ ಸೀಲ್ ಕೊಯ್ದಿರಬಹುದು. ನಾನು ಇಲ್ಲಿ ಬಿಚ್ಚಿದ ಎಷ್ಟೋ ಎಂಜಿನ್‌ಗಳಲ್ಲಿ ಇದೇ ಕಂಡಿದ್ದೇನೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ತುಂಬು, ಮೇಲಿನ ತೂತಿನಲ್ಲಿ ಬಂದಾಗ ಮೇಲಿನ ಸ್ಕ್ರೂ ಮೊದಲು ಹಾಕು, ಆಮೇಲೆ ಕೆಳಗಿನದು.

ಇನ್ನು ದಿನದ ಅಭ್ಯಾಸ. ದಡಕ್ಕೆ ಬರುವ ಮೊದಲು ಮರೆಯದೆ ಪೆಟ್ರೋಲಿಗೆ ತಿರುಗಿಸು. ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಬೆಳಿಗ್ಗೆ ತಣ್ಣಗಿರುವಾಗ ಹಗ್ಗ ಎಳೆದು ಎಳೆದು ರಟ್ಟೆ ಬೀಳುತ್ತದೆ. ವಾರಗಟ್ಟಲೆ ಕಡಲಿಗೆ ಹೋಗದಿದ್ದರೆ ಆ ಪೆಟ್ರೋಲನ್ನೂ ಇಳಿಸಿಬಿಡು. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ನಮ್ಮ ಹಳೇ ಎಂಜಿನಿನ ರಬ್ಬರಿಗೂ ಒಳ್ಳೆಯದಲ್ಲ. ಆಯಿಲ್ ಬೆರೆಸುವುದರಲ್ಲಿ ಕಣ್ಣಂದಾಜು ಬೇಡ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40 ಮಿಲಿ. ಅಮ್ಮನ ಪೆಟ್ಟಿಗೆಯಲ್ಲಿ ಎಂಜಿನಿನ ಪುಸ್ತಕ ಇದೆ, ಅದರಲ್ಲಿ ಏನಿದೆಯೋ ಅಷ್ಟೇ ಹಾಕು. ವಾರಕ್ಕೊಮ್ಮೆಯಾದರೂ ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಹತ್ತು ನಿಮಿಷ ಓಡಿಸು. ನೀರಿಲ್ಲದೆ ಮಾತ್ರ ಓಡಿಸಬೇಡ, ಇಂಪೆಲ್ಲರ್ ಸುಟ್ಟುಹೋಗುತ್ತದೆ.

ಈ ಎಂಜಿನ್ ಮಾರಿ ಹೊಸದು ತರೋಣ ಅಂದೆ. ನನಗೆ ಮನಸ್ಸಿಲ್ಲ. ಇದರಲ್ಲಿ ಫೋರ್ ಸ್ಟ್ರೋಕ್ ಎಂಜಿನಿನ ಹಾಗೆ ಕ್ಯಾಮ್, ಅದು ಎತ್ತುವ ವಾಲ್ವ್ ಇಲ್ಲ. ಒಂದು ಸ್ಪಾನರ್ ಸೆಟ್ಟಿದ್ದರೆ ಮನೆಯ ಅಂಗಳದಲ್ಲೇ ಬಿಚ್ಚಿ ಕಟ್ಟಬಹುದು. ಇಬ್ಬರು ಹಿಡಿದರೆ ಮರಳಿನ ಮೇಲೆ ಎತ್ತಿಕೊಂಡು ಬರಬಹುದು. ಎರಡು ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಹೆಚ್ಚುಕಮ್ಮಿ ಒಂದೇ ಇದ್ದರೆ ಇನ್ನೂ ಸುಮಾರು ವರ್ಷ ಬರುತ್ತದೆ. ಗೇಜ್ ಇರುವವರ ಹತ್ತಿರ ಒಮ್ಮೆ ನೋಡಿಸು, ಆಮೇಲೆ ಮಾತಾಡೋಣ.

ಅಪ್ಪಯ್ಯ ಎಂಜಿನಿನ ಮುಚ್ಚಳ ತೆಗೆದು ಹೆಡ್ ಮೇಲೆ ಎರಡು ಹನಿ ನೀರು ಚಿಮುಕಿಸುತ್ತಿದ್ದರು, ನೆನಪಿದೆಯಾ? ಚುಂಯ್ ಅಂದರೆ ಎಷ್ಟೇ ಮೀನಿದ್ದರೂ ಎಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತಿದ್ದರು. ಇಲ್ಲಿಯ ಹುಡುಗರಿಗೆ ಅದನ್ನು ನಾನು ಹೇಳಿಕೊಟ್ಟಿದ್ದೇನೆ. ನೀನು ಬಿಚ್ಚುವಾಗ ಅಪ್ಪಯ್ಯನನ್ನು ಪಕ್ಕದಲ್ಲಿ ಕೂರಿಸಿಕೊ. ಕಣ್ಣು ಮಂಜಾಗಿರಬಹುದು, ಕಿವಿ ಚೆನ್ನಾಗಿದೆ.

ಕುಂದಾಪುರದ ಒಬ್ಬರು 20ನೇ ತಾರೀಖು ಊರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಎರಡು ಇಂಪೆಲ್ಲರ್, ನಾಲ್ಕು ಪ್ಲಗ್, ಕನೆಕ್ಟರಿನ ಉಂಗುರಗಳು, ಒಂದು ಡಯಾಫ್ರಂ ಕಳಿಸುತ್ತಿದ್ದೇನೆ. ಪ್ಲಗ್ಗಿನ ಗ್ಯಾಪ್ 1 ಮಿಲಿಮೀಟರಿಗೆ ನಾನೇ ಇಟ್ಟಿದ್ದೇನೆ, ಬೀಳಿಸಬೇಡ. ಅಮ್ಮನಿಗೆ ಖರ್ಜೂರವೂ ಇದೆ.

ಎಲ್ಲ ಜೋಡಿಸಿ ಡ್ರಮ್ಮಿನಲ್ಲಿ ಓಡಿಸಿದಾಗ ಹಿಂದೆ ಬೀಳುವ ನೀರಿನ ವಿಡಿಯೊ ಕಳಿಸು. ಅದನ್ನು ನಾನು ನೋಡುವ ತನಕ ಅಳಿವೆ ದಾಟಬೇಡ.

ನಿನ್ನ
ಅಣ್ಣ